ಚೀಲದ ಮೇವು

ನಮ್ಮಜ್ಜ ಕಿಲಾರಿ. ಮ್ಯಾಸಬೇಡರ ದೇವರ ಎತ್ತುಗಳ ಹಿಂದೆ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಹುಲ್ಲಿನ ಕಾವಲುಗಳಲ್ಲಿ ಅಲೆದವನು. ಅವನ ದನಗಳಿಗೆ ನೊಗವಿಲ್ಲ, ಗಾಣವಿಲ್ಲ, ಮೇಯುವುದೇ ಕಸುಬು. ಮಳೆಗಾಲಕ್ಕೊಂದು ಕಡೆ, ಬೇಸಿಗೆಗೆ ಹಳ್ಳದ ದಂಡೆ.

ಈ ಲೆಕ್ಕಾಚಾರ ಮೈಸೂರು ಅರಮನೆಗೂ ಗೊತ್ತಿತ್ತು. ಚಿಕ್ಕದೇವರಾಜ ಒಡೆಯರ ದನಗಳ ಇಲಾಖೆಯಾದ ಬೆಣ್ಣೆ ಚಾವಡಿಗೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ. ಆ ದನಗಳ ಕಾವಲುಗಳನ್ನೂ ಮಳೆ, ಚಳಿ, ಬೇಸಿಗೆ ಎಂದೇ ವಿಂಗಡಿಸಿದ್ದರು. ತೋಪು ಎಳೆದ ಆ ಎತ್ತುಗಳು ಬೆಳೆದದ್ದು ಹುಲ್ಲಿನ ಮೇಲೆ.

ಆಮೇಲೆ ಶೇಂಗಾ ಬಂತು. ಚಳ್ಳಕೆರೆ ಎಣ್ಣೆ ಗಿರಣಿಗಳ ಊರಾಯಿತು, ಹಿಂಡಿ ಕೊಟ್ಟಿಗೆಗೆ ಬಂತು. ಹಿಂಡಿಯನ್ನು ನಾನು ದೂರುವುದಿಲ್ಲ. ಕರೆಯುವ ಎಮ್ಮೆಗೆ ಅದು ಬೇಕು. ಅದರ ಬೆನ್ನಿಗೇ ಚೀಲದ ಗುಳಿಗೆ ಮೇವು. ಒಂದು ಬರಗಾಲದಲ್ಲಿ ನಾನೇ ಅರ್ಧ ಚೀಲ ತಂದು ಬಾನಿಗೆ ಸುರಿದೆ. ಎತ್ತುಗಳು ಮೂಸಿ ಮುಖ ತಿರುಗಿಸಿದವು.

"ಹಸಿದ್ರೆ ತಿಂತಾವೆ ಬಿಡಜ್ಜ."

"ತಿಂತಾವಪ್ಪ. ಆಮೇಲೆ ಮೆಲುಕು ಹಾಕಾಕೆ ಏನೈತೆ?"

ಅಜ್ಜ ಓದಿದವನಲ್ಲ, ಆದರೆ ಮಾತು ಸರಿ. ನಾರಿಲ್ಲದ ಮೇವು ಹೆಚ್ಚಾದರೆ ಮೆಲುಕು ಕಡಿಮೆ, ಜೊಲ್ಲು ಕಡಿಮೆ, ಹೊಟ್ಟೆಯೊಳಗೆ ಹುಳಿ. ಮೇವು ಬದಲಿಸುವುದಾದರೂ ದಿನಕ್ಕಿಷ್ಟಿಷ್ಟೇ ಬದಲಿಸಬೇಕು. ನಾನು ಒಂದೇ ದಿನಕ್ಕೆ ಬದಲಿಸಹೊರಟಿದ್ದೆ.

ಮರುದಿನ ಇಬ್ಬರೂ ಕುಡುಗೋಲು ಹಿಡಿದು ಗುಡ್ಡಕ್ಕೆ ಹೋದೆವು. ಸಿಕ್ಕಿದ್ದು ಎರಡು ಹೊರೆ ಒಣ ಕರಡ. ಈಗ ಅದಕ್ಕೂ ದೂರ ನಡೆಯಬೇಕು. ಚಳ್ಳಕೆರೆಯ ಕಾವಲಿನ ಸಾವಿರಾರು ಎಕರೆ ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆಗಳಿಗೆ ಹೋಗಿದೆ. ಅವುಗಳ ಗೋಡೆಯಾಚೆ ಹುಲ್ಲು ಮೊಣಕಾಲೆತ್ತರ ಬೆಳೆದಿರುತ್ತದೆ. ಎತ್ತುಗಳು ಗೋಡೆಗುಂಟ ನಡೆದು ಹೋಗುತ್ತವೆ.