ರೆಸೊನೇಟರ್ ಗಿಟಾರ್

ರೆಸೊನೇಟರ್ ಗಿಟಾರ್: ತಂತಿಯ ಕಂಪನವನ್ನು ತೆಳು ಅಲ್ಯುಮಿನಿಯಂ ಶಂಕುವಿಗೆ ದಾಟಿಸಿ ನಾದ ಹೊಮ್ಮಿಸುವ ಗಿಟಾರ್. ವಿದ್ಯುತ್ತಿನ ನೆರವಿಲ್ಲದೆ ದನಿ ಹೆಚ್ಚಿಸುವ ಉದ್ದೇಶದಿಂದ ಅಮೆರಿಕದ ಲಾಸ್ ಏಂಜಲೀಸಿನಲ್ಲಿ ರೂಪುಗೊಂಡಿತು. 1927ರಿಂದ ಎರಡನೆಯ ಮಹಾಯುದ್ಧದವರೆಗೆ ತಯಾರಾದ ವಾದ್ಯಗಳನ್ನು ಸಂಗ್ರಾಹಕರು ಹೆಚ್ಚು ಬೆಲೆಯುಳ್ಳವೆಂದು ಎಣಿಸುತ್ತಾರೆ. ಕಣ್ಣಿಗೆ ಮೊದಲು ಬೀಳುವುದು ಹೊಳೆಯುವ ಲೋಹದ ಒಡಲು. ವಾದ್ಯದ ಜಾತಿಯನ್ನು ಹೇಳುವುದು ಮಾತ್ರ ಒಳಗಿನ ಶಂಕು.

ಹುಟ್ಟು: ಧ್ವನಿವರ್ಧಕವಿಲ್ಲದ ಕಾಲದಲ್ಲಿ ದೂರಕ್ಕೆ ಕೇಳಿಸುವುದೇ ವಾದ್ಯಗಳಿಗೆ ದೊಡ್ಡ ಸವಾಲಾಗಿತ್ತು. ಪಾಣೆಮಂಗಳೂರು, ಬಂಟ್ವಾಳದ ಸುತ್ತಿನ ಬಯಲಾಟಗಳಲ್ಲಿ ಸಂಜೆ 'ಕೇಳಿ' ಬಾರಿಸಿ ಆಟದ ಸುದ್ದಿ ಮುಟ್ಟಿಸುವ ಶಕ್ತಿ ತೆಂಕುತಿಟ್ಟು ಯಕ್ಷಗಾನದ ಚೆಂಡೆಗಿತ್ತು. ತಂತಿವಾದ್ಯಗಳಿಗೆ ಆ ಬಲವಿರಲಿಲ್ಲ. ಮೈಸೂರು ಸಂಸ್ಥಾನದಲ್ಲಿ ತಿರುಮಕೂಡಲು ಚೌಡಯ್ಯ (1895-1967) ಪಿಟೀಲಿಗೆ ಮೂರು ತಂತಿ ಹೆಚ್ಚಿಸಿ ಏಳು ತಂತಿಯ ವಾದ್ಯ ಮಾಡಿಕೊಂಡದ್ದು ಇದೇ ಕೊರತೆಗೆ ಕಂಡುಕೊಂಡ ಪರಿಹಾರ. ಅಮೆರಿಕದಲ್ಲಿ ಹವಾಯಿಯನ್ ಗಿಟಾರ್ ವಾದಕ ಜಾರ್ಜ್ ಬೀಚಮ್ ವಾದ್ಯಗಾರ ಜಾನ್ ಡೋಪ್ಯೇರಾನ ಬಳಿ ಗಟ್ಟಿ ದನಿಯ ಗಿಟಾರ್ ಕೇಳಿದ. ಅದರಿಂದ 1927ರಲ್ಲಿ ನ್ಯಾಷನಲ್ ಕಂಪನಿಯ ಮೂರು ಶಂಕುಗಳ 'ಟ್ರೈಕೋನ್' ಬಂತು. ಬಳಿಕ ಮನಸ್ತಾಪವಾಗಿ ಡೋಪ್ಯೇರಾ ಹೊರಬಂದು ಸೋದರರೊಡನೆ 'ಡೋಬ್ರೊ' ಆರಂಭಿಸಿದ. ಅದು ಮನೆತನದ ಹೆಸರು ಮತ್ತು ಬ್ರದರ್ಸ್ ಪದಗಳ ಮೊದಲ ಅಕ್ಷರಗಳ ಜೋಡಣೆ. ಅವರ ಸ್ಲೋವಾಕ್ ಮಾತಿನಲ್ಲಿ 'ಒಳ್ಳೆಯದು' ಎಂಬರ್ಥವೂ ಇದೆ. 1930ರ ದಶಕದಲ್ಲಿ ಎರಡೂ ಕಂಪನಿಗಳು ಮತ್ತೆ ಒಂದಾದವು. ಬೀಚಮ್ ಅಷ್ಟರಲ್ಲಿ ವಿದ್ಯುತ್ ಗಿಟಾರಿನ ಕೆಲಸಕ್ಕೆ ಕೈಹಾಕಿದ್ದ. ರೆಸೊನೇಟರನ್ನು ವೇದಿಕೆಯಿಂದ ಸರಿಸಿದ್ದು ಆ ಹೊಸ ಗಿಟಾರೇ.

ರಚನೆ: ವೀಣೆಯಲ್ಲಿರುವಂತೆ ಇಲ್ಲಿಯೂ ತಂತಿಗಳು ಕುದುರೆಯ ಮೇಲೆ ಹಾಯುತ್ತವೆ. ಕುದುರೆಯ ಕೆಳಗೆ ಮರದ ಹಲಗೆಯ ಬದಲು ಧ್ವನಿವರ್ಧಕದ ಕಾಗದದ ಬಟ್ಟಲಿನಂತೆ ಅದುರುವ ಲೋಹದ ಶಂಕು ಇರುತ್ತದೆ. ವಿಧಗಳು ಮೂರು. ಟ್ರೈಕೋನಿನಲ್ಲಿ 6 ಅಂಗುಲದ ಮೂರು ಶಂಕುಗಳನ್ನು 'ಟಿ' ಆಕಾರದ ಪಟ್ಟಿ ಜೋಡಿಸುತ್ತದೆ. ನಾದ ಮೃದು, ದೀರ್ಘ. 'ಬಿಸ್ಕೆಟ್' ಮಾದರಿಯಲ್ಲಿ 9.5 ಅಂಗುಲದ ಒಂದೇ ಶಂಕು ತುದಿ ಮೇಲಾಗಿ ಕೂತಿದ್ದು, ಅದರ ನೆತ್ತಿಯಲ್ಲಿ ಬಿಸ್ಕೆಟಿನಷ್ಟು ಮರದ ಬಿಲ್ಲೆ ಇರುತ್ತದೆ. ನಾದ ಮೊನಚು, ಬೇಗ ಅಡಗುತ್ತದೆ. ಡೋಬ್ರೊದ 'ಸ್ಪೈಡರ್' ಮಾದರಿಯಲ್ಲಿ 10.5 ಅಂಗುಲದ ಶಂಕು ಬಟ್ಟಲಿನಂತೆ ಬಾಯಿ ಮೇಲಾಗಿರುತ್ತದೆ. ಜೇಡನ ಕಾಲುಗಳಂತೆ ಚಾಚಿದ ಲೋಹದ ಚೌಕಟ್ಟು ಕಂಪನವನ್ನು ಅದರ ಅಂಚಿಗೆ ಒಯ್ಯುತ್ತದೆ.

ಗುರುತಿಸುವ ಬಗೆ: ಬಿಚ್ಚದೆಯೇ ತಿಳಿಯುವ ಕುರುಹುಗಳಿವೆ. ಮೇಲ್ಭಾಗದ ಎರಡೂ ಬದಿಗೆ ಜಾಲರಿಯ ಕಿಟಕಿಯಿದ್ದರೆ ಟ್ರೈಕೋನ್. ಲೋಹದ ಒಡಲಿನಲ್ಲಿ ಪಿಟೀಲಿನಂಥ 'ಎಫ್' ರಂಧ್ರಗಳಿದ್ದರೆ ಸಾಮಾನ್ಯವಾಗಿ ನ್ಯಾಷನಲ್‌ನ ಏಕಶಂಕು. ಮರದ ಒಡಲಿನಲ್ಲಿ ಬಲೆ ಹೊದಿಸಿದ ಎರಡು ದುಂಡು ರಂಧ್ರಗಳಿದ್ದರೆ ಹೆಚ್ಚಾಗಿ ಡೋಬ್ರೊ. ಟ್ರೈಕೋನಿನ ಒಡಲು ಜರ್ಮನ್ ಸಿಲ್ವರಿನದು, ಅಂದರೆ ತಾಮ್ರ, ನಿಕ್ಕಲ್, ಸತುಗಳ ಮಿಶ್ರಣ, ಬೆಳ್ಳಿಯ ಅಂಶವಿಲ್ಲ. 'ಸ್ಟೈಲ್ 1' ಸಾದಾ. 2, 3, 4ರಲ್ಲಿ ಕ್ರಮವಾಗಿ ಕಾಡುಗುಲಾಬಿ, ಲಿಲಿ, ಸೇವಂತಿಗೆಯ ಕೆತ್ತನೆ. 'ಸ್ಟೈಲ್ ಓ'ದಲ್ಲಿ ನಿಕ್ಕಲ್ ಲೇಪದ ಮೇಲೆ ಹವಾಯಿಯ ತಾಳೆಮರಗಳ ಚಿತ್ರವನ್ನು ಮರಳು ಚಿಮ್ಮಿಸಿ ಮೂಡಿಸಲಾಗಿದೆ. 'ಡ್ಯೂಲಿಯನ್' ಆರ್ಥಿಕ ಕುಸಿತದ ವರ್ಷಗಳ ಅಗ್ಗದ ಉಕ್ಕಿನ ಗಿಟಾರ್. ಒಡಲು ಸೇರುವಲ್ಲಿಗೆ 12 ಮೆಟ್ಟಿಲುಗಳಿದ್ದರೆ ಹಳೆಯ ವಿನ್ಯಾಸ. 1930ರ ದಶಕದ ನಡುವೆ 14 ಮೆಟ್ಟಿಲು ರೂಢಿಗೆ ಬಂತು. ಕುತ್ತಿಗೆ ಚೌಕವಾಗಿದ್ದರೆ ತೊಡೆಯ ಮೇಲಿಟ್ಟು ನುಡಿಸುವಂಥದು. ಹಳೆಯ ನಿಕ್ಕಲ್ ಮಾಸಲು ಹಳದಿ ಛಾಯೆ ತಳೆಯುತ್ತದೆ. ನೀಲಿಗೂಡಿದ ಕ್ರೋಮಿಯಂ ಹೊಳಪು ಕಂಡರೆ ಮರುಲೇಪವೋ ಹೊಸ ತಯಾರಿಯೋ ಎಂದು ಪರೀಕ್ಷಿಸಬೇಕು. ಡೋಪ್ಯೇರಾ ಮನೆತನ 1967ರಲ್ಲಿ ತಯಾರಿಕೆಯನ್ನು ಪುನರಾರಂಭಿಸಿತು. ಆಮೇಲೆ ಹಳೆಯ ಮಾದರಿಗಳ ನಕಲುಗಳೂ ಹೆಚ್ಚಿದವು.

ವಾದನ: ಹವಾಯಿಯನ್ ಸಂಗೀತಕ್ಕೆಂದು ಹುಟ್ಟಿದ ವಾದ್ಯವನ್ನು ಟ್ಯಾಂಪಾ ರೆಡ್, ಸನ್ ಹೌಸ್, ಬುಕ್ಕಾ ವೈಟ್ ಬ್ಲೂಸ್‌ಗೆ ಒಗ್ಗಿಸಿದರು, ಜಾಷ್ ಗ್ರೇವ್ಸ್ ಡೋಬ್ರೊವನ್ನು ಬ್ಲೂಗ್ರಾಸ್‌ಗೆ ತಂದ. 1985ರ 'ಬ್ರದರ್ಸ್ ಇನ್ ಆರ್ಮ್ಸ್' ಆಲ್ಬಮ್ಮಿನ ಹೊದಿಕೆಯಲ್ಲಿರುವುದು ಮಾರ್ಕ್ ನಾಪ್‌ಫ್ಲರನ 1937ರ ಸ್ಟೈಲ್ ಓ. ತಂತಿಯ ಮೇಲೆ ಸಲಾಕೆ ಜಾರಿಸುವ ಕ್ರಮ ಕನ್ನಡಿಗರಿಗೆ ಗೋಟುವಾದ್ಯದಿಂದ ಪರಿಚಿತ; ಮೆಟ್ಟಿಲ ಹಂಗಿಲ್ಲದ ಕಾರಣ ಗಮಕ ಸಲೀಸು. ಭಾರತದಲ್ಲಿ ಬ್ರಿಜ್ ಭೂಷಣ್ ಕಾಬ್ರಾ ಹವಾಯಿಯನ್ ಗಿಟಾರಿನಲ್ಲಿ ಹಿಂದೂಸ್ತಾನಿ ರಾಗಗಳನ್ನು ನುಡಿಸಿದರು. ವಿಶ್ವಮೋಹನ ಭಟ್ಟರ ಮೋಹನವೀಣೆಯನ್ನು ಇದರೊಡನೆ ಬೆರೆಸಬಾರದು: ಅದರಲ್ಲಿ ಅನುರಣನದ ತಂತಿಗಳಿವೆ, ಲೋಹದ ಶಂಕುವಿಲ್ಲ.

ಸಂರಕ್ಷಣೆ: ಕರಾವಳಿಯ ಉಪ್ಪುಗಾಳಿಯೂ ಮಳೆಗಾಲದ ತೇವವೂ ಈ ವಾದ್ಯಕ್ಕೆ ವೈರಿಗಳು. ಉಕ್ಕಿನ ಒಡಲು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಮರದ ಕುತ್ತಿಗೆ ಡೊಂಕಾಗುತ್ತದೆ. ನುಡಿಸಿದ ಮೇಲೆ ಬೆವರನ್ನು ಒಣಬಟ್ಟೆಯಿಂದ ಒರೆಸಬೇಕು. ಲೋಹ ಉಜ್ಜುವ ಪುಡಿ ತಾಗಿದರೆ ತೆಳು ನಿಕ್ಕಲ್ ಸವೆದು ಹಿತ್ತಾಳೆ ಕಾಣಿಸುತ್ತದೆ. ಅಲ್ಯುಮಿನಿಯಂ ಶಂಕುವಿಗೆ ತುಕ್ಕಿನ ಭಯವಿಲ್ಲ. ಆದರೆ ದಪ್ಪ ತಂತಿಯ ಒತ್ತಡಕ್ಕೋ ಬೆರಳ ಅದುಮಿಗೋ ಕುಸಿಯುತ್ತದೆ. ಕುಸಿದ ಶಂಕು ದನಿಯನ್ನು ಮಂಕಾಗಿಸಿ ಗಿರಗುಟ್ಟಿಸುತ್ತದೆ. ಹೊಸ ಶಂಕು ಕೂರಿಸಿದರೂ ಹಳೆಯದನ್ನು ವಾದ್ಯದೊಡನೆಯೇ ಇಟ್ಟುಕೊಳ್ಳುವುದು ವಾಡಿಕೆ. ಮಾರುವಾಗ ಗಿಟಾರಿನ ಮೂಲರೂಪಕ್ಕೆ ಅದೇ ಸಾಕ್ಷಿ.