ಪಬ್‌ಮೆಡ್‌ನಲ್ಲಿ ಸಾಹಿತ್ಯ ಶೋಧ

ಪಬ್‌ಮೆಡ್‌ನಲ್ಲಿ ಸಾಹಿತ್ಯ ಶೋಧ ಎಂದರೆ ಜೈವಿಕ ಹಾಗೂ ವೈದ್ಯಕೀಯ ವಿಜ್ಞಾನಗಳಲ್ಲಿ ಪಿಎಚ್.ಡಿ. ಸಂಶೋಧನೆ ಕೈಗೊಂಡವರು ತಮ್ಮ ವಿಷಯದ ಬಗ್ಗೆ ಈಗಾಗಲೇ ಪ್ರಕಟವಾಗಿರುವ ಪ್ರಬಂಧಗಳನ್ನು ಪಬ್‌ಮೆಡ್ ಎಂಬ ದತ್ತಸಂಚಯದಿಂದ ಕ್ರಮಬದ್ಧವಾಗಿ ಹುಡುಕಿ ತೆಗೆಯುವ ವಿಧಾನ. ಇಲ್ಲಿ ‘ಸಾಹಿತ್ಯ’ ಎಂಬುದಕ್ಕೆ ಕಾವ್ಯ, ಕಾದಂಬರಿಗಳ ಅರ್ಥವಿಲ್ಲ. ಒಂದು ವಿಷಯವನ್ನು ಕುರಿತ ಲಿಖಿತ ಸಂಶೋಧನೆಯ ಒಟ್ಟು ಮೊತ್ತಕ್ಕೆ ಆ ಹೆಸರು.

ಹಿನ್ನೆಲೆ

ಅಮೆರಿಕದ ಸೇನಾ ವೈದ್ಯ ಜಾನ್ ಶಾ ಬಿಲ್ಲಿಂಗ್ಸ್ 1879ರಲ್ಲಿ ಆರಂಭಿಸಿದ ‘ಇಂಡೆಕ್ಸ್ ಮೆಡಿಕಸ್’ ಎಂಬ ಮುದ್ರಿತ ಸೂಚಿಯೇ ಇದರ ಪೂರ್ವಜ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು 1971ರಲ್ಲಿ ಮೆಡ್‌ಲೈನ್ ಸೇವೆಯನ್ನು, 1996ರಲ್ಲಿ ಪಬ್‌ಮೆಡ್ ತಾಣವನ್ನು ಆರಂಭಿಸಿತು. 1997ರಿಂದ ಇದು ಎಲ್ಲರಿಗೂ ಉಚಿತ. ಇಂದು ಇದರಲ್ಲಿ 3.5 ಕೋಟಿಗೂ ಹೆಚ್ಚು ದಾಖಲೆಗಳಿವೆ. ಪಬ್‌ಮೆಡ್ ಕೊಡುವುದು ಪ್ರಬಂಧದ ವಿವರ ಮತ್ತು ಸಾರಾಂಶವನ್ನೇ ಹೊರತು ಪೂರ್ಣಪಾಠವನ್ನಲ್ಲ.

ವಿಷಯಶೀರ್ಷಿಕೆ ಮತ್ತು ಪದಗಳು

ಒಂದೇ ರೋಗವನ್ನು ಲೇಖಕರು ಹಲವು ಹೆಸರುಗಳಿಂದ ಕರೆಯುತ್ತಾರೆ. ಈ ತೊಡಕಿಗೆ ಪರಿಹಾರವಾಗಿ 1960ರಲ್ಲಿ ‘ಮೆಶ್’ ಎಂಬ ನಿಯಂತ್ರಿತ ಪದಕೋಶ ಬಂದಿತು. ಪ್ರಬಂಧದಲ್ಲಿ ‘ಕ್ಯಾನ್ಸರ್’ ಎಂದಿರಲಿ, ‘ಟ್ಯೂಮರ್’ ಎಂದಿರಲಿ, ಅದು ‘ನಿಯೋಪ್ಲಾಸಂಸ್’ ಎಂಬ ಶೀರ್ಷಿಕೆಯ ಅಡಿಯಲ್ಲಿ ಸೇರುತ್ತದೆ. ಶೀರ್ಷಿಕೆಗಳು ಮರದ ಕೊಂಬೆಗಳಂತೆ ಜೋಡಣೆಗೊಂಡಿರುವುದರಿಂದ ಮೇಲಿನದನ್ನು ಹುಡುಕಿದರೆ ಅದರ ಕೆಳಗಿನವೂ ತಾವಾಗಿಯೇ ಬರುತ್ತವೆ. ಆದರೆ ತೀರ ಹೊಸ ಪ್ರಬಂಧಗಳಿಗೂ ಮೆಡ್‌ಲೈನ್‌ಗೆ ಸೇರದ ಪತ್ರಿಕೆಗಳ ಪ್ರಬಂಧಗಳಿಗೂ ಮೆಶ್ ಶೀರ್ಷಿಕೆ ಇರುವುದಿಲ್ಲ. ಆದುದರಿಂದ ಶೀರ್ಷಿಕೆ ಮತ್ತು ಸಾಮಾನ್ಯ ಪದ ಎರಡನ್ನೂ ಸೇರಿಸಿ ಹುಡುಕುವುದೇ ಸರಿಯಾದ ಕ್ರಮ.

ಸಮಾನಾರ್ಥಕಗಳನ್ನು ‘ಆರ್’ ಎಂಬುದರಿಂದಲೂ ಬೇರೆ ಬೇರೆ ಪರಿಕಲ್ಪನೆಗಳನ್ನು ‘ಆಂಡ್’ ಎಂಬುದರಿಂದಲೂ ಜೋಡಿಸಬೇಕು. ಪಬ್‌ಮೆಡ್ ಇವುಗಳನ್ನು ಎಡದಿಂದ ಬಲಕ್ಕೆ ಓದುತ್ತದೆ. ಆವರಣ ಚಿಹ್ನೆ ಹಾಕದಿದ್ದರೆ ಅರ್ಥವೇ ಬದಲಾದೀತು. ‘ನಾಟ್’ ಬಳಕೆಯಲ್ಲಿ ವಿಶೇಷ ಎಚ್ಚರ ಬೇಕು: ಮಕ್ಕಳ ಕುರಿತ ಪ್ರಬಂಧ ಬೇಡವೆಂದು ಹೊರಗಿಟ್ಟರೆ, ಮಕ್ಕಳು ಮತ್ತು ವಯಸ್ಕರು ಇಬ್ಬರನ್ನೂ ಕುರಿತ ಪ್ರಬಂಧಗಳೂ ಕೈಬಿಟ್ಟುಹೋಗುತ್ತವೆ.

ಉದಾಹರಣೆ: ಮಂಗನ ಕಾಯಿಲೆ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಗೆ ಮೆಶ್‌ನಲ್ಲಿ ‘ಕ್ಯಾಸನೂರ್ ಫಾರೆಸ್ಟ್ ಡಿಸೀಸ್’ ಎಂಬ ಸ್ವಂತ ಶೀರ್ಷಿಕೆಯಿದೆ. ಮಲೆನಾಡಿನ ಒಂದು ಊರಿನ ಹೆಸರು ಜಾಗತಿಕ ಪದಕೋಶದಲ್ಲಿ ಸ್ಥಾನ ಪಡೆದಿರುವುದು ಗಮನಾರ್ಹ, ಸಂದರ್ಭ ದುಃಖದ್ದಾದರೂ. ಸಂಶೋಧಕನು ಕೇವಲ ‘ಕೆಎಫ್‌ಡಿ’ ಎಂದು ಹುಡುಕಿದರೆ ಕಿಕುಚಿ–ಫುಜಿಮೋಟೋ ಕಾಯಿಲೆ ಎಂಬ ದುಗ್ಧಗ್ರಂಥಿಗಳ ರೋಗದ ಪ್ರಬಂಧಗಳೂ ಬೆರೆತು ಬರುತ್ತವೆ. ಅದರ ಸಂಕ್ಷೇಪವೂ ಅದೇ. ‘ಮಂಕಿ ಫೀವರ್’ ಎಂಬುದನ್ನು ಉದ್ಧರಣ ಚಿಹ್ನೆಯಿಲ್ಲದೆ ಬರೆದರೆ ಮಂಗಗಳ ಮೇಲೆ ನಡೆದ ಯಾವುದೋ ಜ್ವರದ ಪ್ರಯೋಗಗಳೂ ಸಾಲುಗಟ್ಟುತ್ತವೆ. ಹಾಗೆಂದು ಆ ಪದವನ್ನು ಬಿಡುವಂತಿಲ್ಲ.

ಅಪೂರ್ಣ ಶೋಧದ ಪರಿಣಾಮ

2001ರ ಜೂನ್‌ನಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಆಸ್ತಮಾ ಕುರಿತ ಪ್ರಯೋಗವೊಂದರಲ್ಲಿ ಭಾಗವಹಿಸಿದ 24 ವರ್ಷದ ಆರೋಗ್ಯವಂತ ಸ್ವಯಂಸೇವಕಿಯೊಬ್ಬರು ತೀರಿಕೊಂಡರು. ಅವರು ಉಸಿರಿನ ಮೂಲಕ ಸೇವಿಸಿದ್ದು ಹೆಕ್ಸಾಮೆಥೋನಿಯಮ್. ಹಿಂದೆ ರಕ್ತದೊತ್ತಡಕ್ಕೆ ಕೊಡುತ್ತಿದ್ದ ಔಷಧ. ಪ್ರಯೋಗಕ್ಕೆ ಮೊದಲು ಪಬ್‌ಮೆಡ್ ಶೋಧ ನಡೆದಿತ್ತು, ಆದರೆ ಅಂದು ಅದರ ವ್ಯಾಪ್ತಿ ಮುಖ್ಯವಾಗಿ 1966ರಿಂದ ಈಚಿನದು. ಆ ಔಷಧದಿಂದ ಶ್ವಾಸಕೋಶಕ್ಕೆ ಹಾನಿಯಾದುದನ್ನು ಹೇಳುವ ವರದಿಗಳು 1950ರ ದಶಕದವು. ತನಿಖೆಯಲ್ಲಿ ಬೇರೆ ಲೋಪಗಳೂ ಕಂಡುಬಂದವು. ಸಾವಿಗೆ ಶೋಧವೊಂದೇ ಕಾರಣವೆನ್ನುವುದು ನ್ಯಾಯವಲ್ಲ. ಆದರೂ ವೈದ್ಯಕೀಯ ಗ್ರಂಥಪಾಲಕರು ಇಂದಿಗೂ ಈ ಪ್ರಕರಣವನ್ನು ಪಾಠವಾಗಿ ಹೇಳುತ್ತಾರೆ. ಈಗ ಮೆಡ್‌ಲೈನ್ ದಾಖಲೆಗಳು 1946ರವರೆಗೆ ಹಿಂದಕ್ಕೆ ಹೋಗುತ್ತವೆ. ಮಂಗನ ಕಾಯಿಲೆಯ ಮೊದಲ ವರದಿಗಳೂ 1966ಕ್ಕೆ ಹಿಂದಿನವೇ.

ಪಬ್‌ಮೆಡ್‌ನ ಆಚೆಗೆ

ಔಷಧಗಳ ವಿಷಯದಲ್ಲಿ ಎಂಬೇಸ್, ಚಿಕಿತ್ಸಾ ಪ್ರಯೋಗಗಳ ವಿಷಯದಲ್ಲಿ ಕಾಕ್ರೇನ್ ಗ್ರಂಥಾಲಯವನ್ನೂ ನೋಡುವುದು ರೂಢಿ. ಭಾರತೀಯ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಮಹಾಪ್ರಬಂಧಗಳು ಪಬ್‌ಮೆಡ್‌ನಲ್ಲಿ ದೊರೆಯುವುದಿಲ್ಲ. ಅವುಗಳಿಗೆ ಶೋಧಗಂಗಾ ಭಂಡಾರವಿದೆ. ಶೋಧದ ದಿನಾಂಕ, ದತ್ತಸಂಚಯದ ಹೆಸರು ಮತ್ತು ಬಳಸಿದ ಪದಸಾಲನ್ನು ಯಥಾವತ್ತಾಗಿ ಬರೆದಿಡಬೇಕು. 2021ರಲ್ಲಿ ಪ್ರಕಟವಾದ ಪ್ರಿಸ್ಮಾ–ಎಸ್ ಮಾರ್ಗಸೂಚಿಯು ಕ್ರಮಬದ್ಧ ವಿಮರ್ಶೆಗಳಲ್ಲಿ ಇದನ್ನು ಅಪೇಕ್ಷಿಸುತ್ತದೆ. ಪಬ್‌ಮೆಡ್‌ನಲ್ಲಿ ಖಾತೆ ತೆರೆದು ಪದಸಾಲನ್ನು ಉಳಿಸಿಟ್ಟರೆ ಹೊಸ ಪ್ರಬಂಧಗಳ ಸೂಚನೆ ಇಮೇಲ್ ಮೂಲಕ ಬರುತ್ತದೆ.