ರೋಗಿಗಳ ಅಭ್ಯಂಗ ಸಂಸ್ಕಾರ

ರೋಗಿಗಳ ಅಭ್ಯಂಗವು ಕಥೋಲಿಕ ಧರ್ಮಸಭೆಯ ಏಳು ಸಂಸ್ಕಾರಗಳಲ್ಲಿ ಒಂದು. ಕಾಯಿಲೆಯಿಂದಲೋ ಮುಪ್ಪಿನಿಂದಲೋ ಜೀವಕ್ಕೆ ಅಪಾಯ ತಲೆದೋರಿದವರಿಗೆ ಗುರುಗಳು ಪವಿತ್ರ ತೈಲ ಹಚ್ಚಿ ಪ್ರಾರ್ಥಿಸುವ ವಿಧಿ ಇದು. ಪಾಪನಿವೇದನೆಯೂ ಇದೂ ಸೇರಿ ಸ್ವಸ್ಥತೆಯ ಸಂಸ್ಕಾರಗಳೆನಿಸುತ್ತವೆ. ಪ್ರಾಣ ಹೋಗುವ ಹೊತ್ತಿಗೆ ಮಾತ್ರ ಕೊಡತಕ್ಕದ್ದೆಂಬ ಭಾವನೆ ಶತಮಾನಗಳ ಕಾಲ ಬೇರೂರಿತ್ತು. 20ನೆಯ ಶತಮಾನದ ಸುಧಾರಣೆ ಇದನ್ನು ಮತ್ತೆ ರೋಗಿಗಳ ಹಾಗೂ ವೃದ್ಧರ ಸಂಸ್ಕಾರವನ್ನಾಗಿಸಿತು.

ಇತಿಹಾಸ

ಹೊಸ ಒಡಂಬಡಿಕೆಯಲ್ಲಿ ಇದಕ್ಕೆ ಎರಡು ಮುಖ್ಯ ಆಧಾರಗಳಿವೆ. ಯೇಸುವಿನ ಶಿಷ್ಯರು ಅನೇಕ ರೋಗಿಗಳಿಗೆ ಎಣ್ಣೆ ಹಚ್ಚಿ ಗುಣಪಡಿಸಿದರೆಂದು ಮಾರ್ಕನ ಶುಭಸಂದೇಶ (6:13) ಹೇಳುತ್ತದೆ. ಕಾಯಿಲೆ ಬಿದ್ದವರು ಸಭೆಯ ಹಿರಿಯರನ್ನು ಕರೆಸಿಕೊಂಡು ತೈಲಾಭ್ಯಂಗ ಹಾಗೂ ಪ್ರಾರ್ಥನೆ ಪಡೆಯಬೇಕೆಂದು ಯಕೋಬನ ಪತ್ರ (5:14–15) ವಿಧಿಸುತ್ತದೆ. ಬಿಷಪರು ಆಶೀರ್ವದಿಸಿದ ತೈಲವನ್ನು ಸಾಮಾನ್ಯ ವಿಶ್ವಾಸಿಗಳೂ ತಮ್ಮ ಹಾಗೂ ತಮ್ಮವರ ಕಾಯಿಲೆಗೆ ಬಳಸಬಹುದಿತ್ತೆಂಬುದು 416ರಲ್ಲಿ ಪೋಪ್ ಒಂದನೆಯ ಇನೊಸೆಂಟ್ ಬರೆದ ಪತ್ರದಿಂದ ತಿಳಿಯುತ್ತದೆ.

ಈ ವಿಧಿ ಮರಣಶಯ್ಯೆಗೆ ಸರಿದದ್ದಕ್ಕೆ ಪ್ರಾಯಶ್ಚಿತ್ತದ ಅಂದಿನ ಕಟ್ಟುಪಾಡು ಮುಖ್ಯ ಕಾರಣ. ಆ ಕಾಲದಲ್ಲಿ ಪ್ರಾಯಶ್ಚಿತ್ತ ಬಹಳ ಕಠಿಣ. ಅದರ ಕೆಲವು ನಿರ್ಬಂಧಗಳು ಬದುಕಿರುವಷ್ಟು ಕಾಲವೂ ಬಿಡುತ್ತಿರಲಿಲ್ಲ. ಹಾಗಾಗಿ ಜನ ಅದನ್ನು ಸಾವಿನ ಸಮಯಕ್ಕೆ ಮುಂದೂಡತೊಡಗಿದರು. ಪ್ರಾಯಶ್ಚಿತ್ತವಾದ ಮೇಲೆಯೇ ಅಭ್ಯಂಗ ಎಂಬ ಕ್ರಮವಿದ್ದುದರಿಂದ ಅಭ್ಯಂಗವೂ ಅದರ ಬೆನ್ನಿಗೇ ಕೊನೆಗಾಲಕ್ಕೆ ಹೋಯಿತು. ತೈಲ ಹಚ್ಚುವ ಅಧಿಕಾರ ಗುರುಗಳಿಗೆ ಮಾತ್ರ ಉಳಿಯಿತು. 12ನೆಯ ಶತಮಾನದ ಹೊತ್ತಿಗೆ ಇದಕ್ಕೆ ‘ಅಂತ್ಯಾಭ್ಯಂಗ’ ಎಂಬ ಅರ್ಥದ ಲ್ಯಾಟಿನ್ ಹೆಸರು ರೂಢಿಯಾಗಿತ್ತು. ಗುರುಗಳು ಮನೆಗೆ ಬಂದರೆಂದರೆ ರೋಗಿಯ ಆಸೆ ಬಿಟ್ಟಂತೆಯೇ ಎಂಬ ಭಯ ಕುಟುಂಬಗಳಲ್ಲಿ ಬೆಳೆದದ್ದು ಹೀಗೆ.

1551ರಲ್ಲಿ ಟ್ರೆಂಟ್ ಮಹಾಸಭೆ ಇದು ಕ್ರಿಸ್ತನೇ ಸ್ಥಾಪಿಸಿದ ಸಂಸ್ಕಾರವೆಂದು ಸಾರಿತು. ಇದು ರೋಗಿಗಳಿಗೆ, ಅದರಲ್ಲೂ ವಿಶೇಷವಾಗಿ ಸಾವಿನಂಚಿನಲ್ಲಿರುವವರಿಗೆ ಸಲ್ಲುವುದೆಂದಿತು. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಒಂದು ಹೆಜ್ಜೆ ಮುಂದೆ ಹೋಗಿ, ರೋಗ ಅಥವಾ ಮುಪ್ಪಿನಿಂದ ಅಪಾಯ ಕಾಣಿಸಿಕೊಳ್ಳತೊಡಗಿದಾಗಲೇ ಅಭ್ಯಂಗಕ್ಕೆ ತಕ್ಕ ಕಾಲ ಬಂದಿರುತ್ತದೆ ಎಂದು ಸ್ಪಷ್ಟಪಡಿಸಿತು. ಪೋಪ್ ಆರನೆಯ ಪೌಲ್ 1972ರ ನವೆಂಬರ್ 30ರಂದು ಪರಿಷ್ಕೃತ ವಿಧಿಗೆ ಒಪ್ಪಿಗೆ ಕೊಟ್ಟರು.

ವಿಧಿ

ಗುರುಗಳು ಮೌನವಾಗಿ ರೋಗಿಯ ತಲೆಯ ಮೇಲೆ ಕೈಯಿರಿಸಿ, ನಂತರ ಹಣೆಗೂ ಅಂಗೈಗಳಿಗೂ ತೈಲ ಹಚ್ಚುತ್ತಾರೆ. ಹಳೆಯ ಕ್ರಮದಲ್ಲಿ ಪಂಚೇಂದ್ರಿಯಗಳಿಗೆ ಬೇರೆಬೇರೆಯಾಗಿ ಹಚ್ಚಲಾಗುತ್ತಿತ್ತು. ತೈಲವನ್ನು ಪವಿತ್ರ ಗುರುವಾರದಂದು ಅಥವಾ ಅದಕ್ಕೆ ಹತ್ತಿರದ ಒಂದು ದಿನ ಬಿಷಪರು ಆಶೀರ್ವದಿಸುತ್ತಾರೆ. ತುರ್ತಿದ್ದರೆ ಗುರುಗಳೇ ಆಶೀರ್ವದಿಸಬಹುದು. ಹಿಂದೆ ಆಲಿವ್ ಎಣ್ಣೆಯೇ ಆಗಬೇಕಿತ್ತು. ಅದು ಸಿಗದ ನಾಡುಗಳಿಗೆ ಅನುಕೂಲವಾಗಲೆಂದು 1972ರ ನಂತರ ಬೇರೆ ಸಸ್ಯಜನ್ಯ ಎಣ್ಣೆಗಳಿಗೂ ಅನುಮತಿ ದೊರೆಯಿತು. ಮನೆ, ಆಸ್ಪತ್ರೆ, ಚರ್ಚು ಎಲ್ಲಿ ಬೇಕಾದರೂ ವಿಧಿ ನಡೆಯಬಹುದು. ಬಲಿಪೂಜೆಯಲ್ಲಿ ಹಲವರಿಗೆ ಒಟ್ಟಿಗೆ ಕೊಡುವುದೂ ಉಂಟು.

ಅರ್ಹತೆ

ದೊಡ್ಡ ಕಾಯಿಲೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲಿರುವವರು ಮುಂಚೆಯೇ ಇದನ್ನು ಪಡೆಯಬಹುದು. ಶಕ್ತಿ ಬಹಳ ಕುಂದಿದ ವೃದ್ಧರಿಗೆ ಗಂಭೀರ ಕಾಯಿಲೆಯಿಲ್ಲದಿದ್ದರೂ ಕೊಡಬಹುದು. ಗುಣವಾದವರು ಮತ್ತೆ ಕಾಯಿಲೆ ಬಿದ್ದರೆ ಅಥವಾ ಇದ್ದ ರೋಗವೇ ಉಲ್ಬಣಿಸಿದರೆ ಪುನಃ ಪಡೆಯಲು ಅಡ್ಡಿಯಿಲ್ಲ. ಪ್ರಜ್ಞೆ ತಪ್ಪಿದವರಿಗೂ, ಎಚ್ಚರವಿದ್ದಿದ್ದರೆ ಕೇಳುತ್ತಿದ್ದರೆಂಬ ನಂಬಿಕೆಯ ಮೇಲೆ ಕೊಡಲಾಗುತ್ತದೆ. ಮೃತರಿಗೆ ಅಭ್ಯಂಗವಿಲ್ಲ, ಅವರಿಗಾಗಿ ಪ್ರಾರ್ಥನೆ ಮಾತ್ರ. ರೋಗಕ್ಕೆ ಸಂಬಂಧಿಸದ ಅಪಾಯಕ್ಕೂ, ಉದಾಹರಣೆಗೆ ಯುದ್ಧಕ್ಕೆ ಹೊರಟವರಿಗೂ, ಇದು ಸಲ್ಲದು.

ಸಾವಿಗೆ ಸಮೀಪಿಸಿದವರ ಪಾಲಿನ ಕೊನೆಯ ಸಂಸ್ಕಾರ ಅಭ್ಯಂಗವಲ್ಲ, ಪರಲೋಕದ ದಾರಿಬುತ್ತಿಯಾಗಿ ಕೊಡುವ ಪರಮಪ್ರಸಾದ. ಪಾಪನಿವೇದನೆ, ಅಭ್ಯಂಗ, ಪರಮಪ್ರಸಾದ ಎಂಬುದು ಈಗಿನ ಕ್ರಮ. ಪ್ರಾರ್ಥನೆಯಿಂದ ದೇಹ ಗುಣವಾಗಬಹುದೆಂದು ಧರ್ಮಸಭೆ ನಂಬುತ್ತದೆಯಾದರೂ ಅದು ಖಚಿತವೆನ್ನುವುದಿಲ್ಲ. ನೋವಿನ ನಡುವೆ ಸಮಾಧಾನ, ಧೈರ್ಯ ಮತ್ತು ಪಾಪಕ್ಷಮೆಯೇ ಸಂಸ್ಕಾರದ ಮುಖ್ಯ ಫಲಗಳು. ವೈದ್ಯಕೀಯ ಚಿಕಿತ್ಸೆಗೆ ಇದು ಬದಲಿಯಲ್ಲ.

ಆರೈಕೆ ಮಾಡುವವರು

ಶುಶ್ರೂಷೆಯ ಭಾರ ಹೊತ್ತವರಿಗೂ ಧರ್ಮಸಭೆಯ ಕಾನೂನು ರಿಯಾಯಿತಿ ಕೊಡುತ್ತದೆ. ಪರಮಪ್ರಸಾದಕ್ಕೆ ಮುನ್ನ ಒಂದು ಗಂಟೆ ಏನನ್ನೂ ತಿನ್ನಬಾರದೆಂಬ ನಿಯಮ ವೃದ್ಧರಿಗೆ, ರೋಗಿಗಳಿಗೆ ಮಾತ್ರವಲ್ಲ, ಅವರನ್ನು ನೋಡಿಕೊಳ್ಳುವವರಿಗೂ ಅನ್ವಯಿಸದು. ರೋಗಿಯನ್ನು ಬಿಟ್ಟು ಹೊರಡಲಾಗದವರು ಭಾನುವಾರದ ಬಲಿಪೂಜೆಗೆ ಹೋಗದಿದ್ದರೆ ಪಾಪವಲ್ಲ. ಆರನೆಯ ಪೌಲ್ ಕಾಲದ 1973ರ ಆದೇಶವೊಂದು ನೇಮಕಗೊಂಡ ಸಾಮಾನ್ಯ ವಿಶ್ವಾಸಿಗಳಿಗೂ ಪರಮಪ್ರಸಾದ ಹಂಚುವ ಅವಕಾಶ ನೀಡಿತು. ಹಾಸಿಗೆ ಹಿಡಿದವರ ಮನೆಗೆ ಅದನ್ನು ಒಯ್ಯುವುದು ಇದರಿಂದ ಸುಲಭವಾಯಿತು.

ಪೋಪ್ ಎರಡನೆಯ ಜಾನ್ ಪೌಲ್ 1984ರಲ್ಲಿ ನೋವಿನ ಅರ್ಥವನ್ನು ಕುರಿತ ಪತ್ರವನ್ನು ಪ್ರಕಟಿಸಿದರು. ಅವರೇ ಆರಂಭಿಸಿದ ವಿಶ್ವ ರೋಗಿಗಳ ದಿನ 1993ರಿಂದ ಲೂರ್ದು ಮಾತೆಯ ಹಬ್ಬವಾದ ಫೆಬ್ರವರಿ 11ರಂದು ನಡೆಯುತ್ತಿದೆ. 2019ರಲ್ಲಿ ಅದರ ಮುಖ್ಯ ಆಚರಣೆ ಕೋಲ್ಕತ್ತಾದಲ್ಲಾಯಿತು. ಪಾರ್ಕಿನ್ಸನ್ ಕಾಯಿಲೆಯಿಂದ ಬಳಲಿದ ಈ ಪೋಪ್ 2005ರ ಏಪ್ರಿಲ್ 2ರಂದು ತೀರಿಕೊಳ್ಳುವ ಎರಡು ದಿನ ಮೊದಲು ತಾವೂ ಅಭ್ಯಂಗ ಪಡೆದರು. ಪೋಪ್ ಫ್ರಾನ್ಸಿಸ್ 2021ರಲ್ಲಿ ಅಜ್ಜ-ಅಜ್ಜಿಯರ ಹಾಗೂ ವೃದ್ಧರ ವಿಶ್ವ ದಿನವನ್ನು ಜುಲೈ ತಿಂಗಳ ನಾಲ್ಕನೆಯ ಭಾನುವಾರಕ್ಕೆ ಗೊತ್ತುಪಡಿಸಿದರು.

ಕರ್ನಾಟಕದಲ್ಲಿ

ರಾಜ್ಯದ ಕಥೋಲಿಕರಲ್ಲಿ ರೋಗಿಗಳ ಪ್ರಾರ್ಥನೆ ಆರೋಗ್ಯ ಮಾತೆಯ ಭಕ್ತಿಯೊಂದಿಗೆ ಹೆಣೆದುಕೊಂಡಿದೆ. ಹರಿಹರದ ಆರೋಗ್ಯ ಮಾತೆಯ ಚರ್ಚು ಇದರ ಪ್ರಸಿದ್ಧ ಕೇಂದ್ರ. ಕರಾವಳಿಯ ಕೊಂಕಣಿ ಮನೆಗಳಲ್ಲಿ ಸಂಜೆ ಕುಟುಂಬವೆಲ್ಲ ಕೂಡಿ ಹೇಳುವ ಜಪಸರದ ಪ್ರಾರ್ಥನೆ, ‘ತೇರ್ಸ್’, ಚರ್ಚಿಗೆ ಹೋಗಲಾರದ ಹಿರಿಯರನ್ನೂ ಒಳಗೊಳ್ಳುತ್ತದೆ. ಸೇವಾಸಂಸ್ಥೆಗಳಲ್ಲಿ, ಜರ್ಮನ್ ಜೆಸ್ವಿಟ್ ಗುರು ಆಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನಲ್ಲಿ ತೆರೆದ ಹೋಮಿಯೋಪಥಿ ಔಷಧಾಲಯದಿಂದ ಫಾದರ್ ಮುಲ್ಲರ್ ಆಸ್ಪತ್ರೆ ಬೆಳೆಯಿತು. ಬೆಂಗಳೂರಿನ ಸೇಂಟ್ ಮಾರ್ಥಾಸ್ ಆಸ್ಪತ್ರೆ 1886ರಲ್ಲಿ ಆರಂಭವಾಯಿತು. ಫ್ರಾನ್ಸಿನಲ್ಲಿ 1839ರಲ್ಲಿ ಕುರುಡಿ ಮುದುಕಿಯೊಬ್ಬಳಿಗೆ ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟ ಜಾನ್ ಜುಗಾನ್ ಕಟ್ಟಿದ ಸೋದರಿಯರ ಸಂಘ ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಬಡ ವೃದ್ಧರ ಆಶ್ರಮವನ್ನು ನಡೆಸುತ್ತಿದೆ.